ಮುಂದಿನ ಸೀಟಿನ ಉಮ್ಮ

ಹಲೀಮತ್‌ಳಿಗೆ ಇದ್ದ ಕೆಲಸ ಒಂದೇ, ಕೂರುವುದು. ಗಂಡ ಪೊಡಿಯಬ್ಬ ವ್ಯಾನು ಓಡಿಸುತ್ತಿದ್ದ. ಅವಳು ಕಪ್ಪು ಅಬಾಯ ಹೊದ್ದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಅರಬರ ನಾಡಿನ ಅಲ್ ಖೋಬರ್ ಪಟ್ಟಣದಲ್ಲಿದ್ದ ಮಂಗಳೂರು, ಉಡುಪಿ ಕಡೆಯವರ ಹೆಣ್ಣುಮಕ್ಕಳನ್ನು ಶಾಲೆಗೆ, ಟ್ಯೂಷನ್ನಿಗೆ ಕರೆದೊಯ್ಯುವ ವ್ಯಾನು ಅದು. ಹಿಂದೆ ಬೇರೆಯವರ ಹುಡುಗಿಯರು, ಮುಂದೆ ಒಬ್ಬನೇ ಗಂಡಸು ಎಂದಾದರೆ ಮುತವ್ವಗಳು ಕೈ ತೋರಿಸಿ ನಿಲ್ಲಿಸುತ್ತಾರೆ. ಮುತವ್ವಗಳೆಂದರೆ ಜನರ ನಡತೆ ಕಾಯಲು ತಿರುಗುವವರು. ಮೊಣಕಾಲ ಕೆಳಗೆ ಸ್ವಲ್ಪವೇ ಇಳಿದ ನಿಲುವಂಗಿ, ಎದೆ ಮುಟ್ಟುವ ಗಡ್ಡ, ಕೈಯಲ್ಲೊಂದು ತೆಳ್ಳಗಿನ ಬೆತ್ತ. ಕೊಲ್ಲಿ ಯುದ್ಧ ಮುಗಿದ ಮೇಲೆ ಅವರ ಬಿಗಿ ಇನ್ನೂ ಹೆಚ್ಚಾಗಿತ್ತು. ಡ್ರೈವರನ ಹೆಂಡತಿ ಜೊತೆಗಿದ್ದರೆ ಏನೋ ಗೊಣಗಿ ಬಿಟ್ಟುಬಿಡುತ್ತಿದ್ದರು.

"ಕೂತು ಉಣ್ಣುವವರು ಬೇಕಾದಷ್ಟು ಉಂಟು. ಕೂತದ್ದಕ್ಕೇ ಉಣ್ಣುವವಳು ಈ ಲೋಕದಲ್ಲಿ ನೀನೊಬ್ಬಳೇ ಮಾರಾಯ್ತಿ" ಎಂದು ಪೊಡಿಯಬ್ಬ ಅಣಕಿಸುತ್ತಿದ್ದ.

"ನಾನು ಎದ್ದ ದಿನ ಗೊತ್ತಾಗ್ತದೆ ನಿಮಗೆ" ಎನ್ನುತ್ತಿದ್ದಳು ಅವಳು. ಹುಡುಗಿಯರು ಹಿಂದಿನ ಸೀಟಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಆ ಹುಡುಗಿಯರಲ್ಲಿ ಶಮೀರಾ ಅವಳಿಗೆ ಬೇರೆಯೇ. ಉಳ್ಳಾಲದಲ್ಲಿ ಅವರೆರಡು ಮನೆಗಳು ಒಂದೇ ಓಣಿಯಲ್ಲಿದ್ದವು. ಶಮೀರಾ ಹುಟ್ಟಿದಾಗ ತಾಯಿ ಆಸಿಯಾಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿತ್ತು. ಹಲೀಮತ್‌ಳ ಮಡಿಲಲ್ಲಿ ಆಗ ಮಗ ಸಿದ್ದೀಕ್. ಒಂದು ಕಡೆ ಅವನನ್ನೂ ಇನ್ನೊಂದು ಕಡೆ ಇವಳನ್ನೂ ಹಿಡಿದುಕೊಂಡು ಅವಳು ತಿಂಗಳುಗಟ್ಟಲೆ ಹಾಲೂಡಿಸಿದಳು. ಹಾಗೆ ಎದೆಹಾಲು ಕುಡಿಸಿದವಳು ಅವರ ಧರ್ಮದಲ್ಲಿ ಬರಿಯ ಉಪಕಾರ ಮಾಡಿದವಳಾಗಿ ಉಳಿಯುವುದಿಲ್ಲ. ಅವಳು ತಾಯಿಯೇ. ಅವಳ ಗಂಡ ಹಾಲಿನ ತಂದೆ. ಹುಡುಗಿ ಅವನೆದುರು ಮುಖ ಮುಚ್ಚಬೇಕಿಲ್ಲ, ಅವನ ಜೊತೆ ಒಬ್ಬಳೇ ಎಷ್ಟು ದೂರವಾದರೂ ಹೋಗಬಹುದು. ಊರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಶಮೀರಾ ಆಸಿಯಾಳನ್ನೂ ಉಮ್ಮ ಎನ್ನುತ್ತಿದ್ದಳು, ಹಲೀಮತ್‌ಳನ್ನೂ ಉಮ್ಮ ಎನ್ನುತ್ತಿದ್ದಳು. ಯಾವ ಉಮ್ಮ ಎಂದು ಕೇಳಿದರೆ, "ಮುಂದಿನ ಸೀಟಿನ ಉಮ್ಮ."

ಹುಡುಗಿ ಹತ್ತನೆಯ ಕ್ಲಾಸಿನಲ್ಲಿದ್ದಳು. ಡಾಕ್ಟರಾಗಬೇಕು ಎನ್ನುತ್ತಿದ್ದಳು. ಅವಳ ತಂದೆ ರಝಾಕ್ ಬಟ್ಟೆ ಅಂಗಡಿಯವನು. ಮಗಳ ಅಂಕಗಳನ್ನು ಗಿರಾಕಿಗಳಿಗೆಲ್ಲ ಹೇಳಿಕೊಂಡು, ಕತ್ತರಿಸುತ್ತಿದ್ದ ಬಟ್ಟೆಯನ್ನು ಒಂದು ಗೇಣು ಹೆಚ್ಚೇ ಕತ್ತರಿಸಿಬಿಡುತ್ತಿದ್ದ. ಶಾಲೆಯ ಗಣಿತದ ಟೀಚರು ಹೆರಿಗೆಗೆಂದು ಊರಿಗೆ ಹೋದವರು ವಾಪಸು ಬರದಿದ್ದಾಗ, "ಎವ್ಲಿನ್ ಬಾಯಿಯ ಹತ್ತಿರ ಟ್ಯೂಷನ್ನಿಗೆ ಹಾಕುವ" ಎಂದವನೂ ಅವನೇ.

ಎವ್ಲಿನ್ ಬಾಯಿ ಮಂಗಳೂರಿನ ಕಾನ್ವೆಂಟಿನಲ್ಲಿ ಗಣಿತ ಕಲಿಸಿದವರು. ಬಾಯಿ ಎಂದರೆ ಅಲ್ಲಿಯ ಕ್ರಿಶ್ಚಿಯನರಲ್ಲಿ ಅಮ್ಮ ಎಂಬ ಹಾಗೆ, ಗೌರವದ ಮಾತು. ಗಂಡ ಇನಾಸ್ ಇಲ್ಲಿ ಒಂದು ಕಂಪೆನಿಯಲ್ಲಿ ಇಂಜಿನಿಯರು, ಮಗಳು ಒಲಿವಿಯಾ ಶಮೀರಾಳ ಕ್ಲಾಸಿನವಳೇ. ಪರವಾನಗಿ ಇಲ್ಲದೆ ಮನೆಯಲ್ಲಿ ಪಾಠ ಹೇಳುವುದು ಇಲ್ಲಿ ಅಪರಾಧ, ಹಾಗಾಗಿ ಬಾಯಿ ಜಾಗ್ರತೆಯ ಹೆಂಗಸು. ಹುಡುಗಿಯರು ಇಬ್ಬಿಬ್ಬರಾಗಿ ಮೆಟ್ಟಿಲು ಹತ್ತಬೇಕು, ಚಪ್ಪಲಿ ಹೊರಗೆ ಬಿಡಬಾರದು, ಪುಸ್ತಕದ ಮೇಲೆ ಹೊಲಿಗೆಯ ಬಟ್ಟೆ ಹೊದೆಸಿಕೊಂಡು ಬರಬೇಕು. ಯಾರಾದರೂ ಕೇಳಿದರೆ ಹೊಲಿಗೆ ಕಲಿಯುವುದು ಎನ್ನಬೇಕು. ಆದರೆ ಒಂದು ಅಭ್ಯಾಸವನ್ನು ಬಿಡಲು ಅವರಿಂದ ಆಗಲಿಲ್ಲ. ಕಾನ್ವೆಂಟಿನಲ್ಲಿ ಅವರು ಕಲಿತದ್ದು ಹಾಗೆ, ಕಲಿಸಿದ್ದೂ ಹಾಗೆ. ಪಾಠ ಮುಗಿಯುವಾಗ ಮಕ್ಕಳೆಲ್ಲ ಸೇರಿ ಸೂತ್ರಗಳನ್ನು ರಾಗವಾಗಿ, ಗಟ್ಟಿಯಾಗಿ ಹೇಳಬೇಕು. ಬಾಯಿಗೆ ಬಂದದ್ದು ಪರೀಕ್ಷೆಯಲ್ಲಿ ಕೈಗೆ ಬರುತ್ತದೆ ಎಂಬ ನಂಬಿಕೆ. ಕೆಳಗೆ ವ್ಯಾನಿನಲ್ಲಿ ಕೂತು ಕೇಳಿ ಕೇಳಿ ಹಲೀಮತ್‌ಳಿಗೂ ಒಂದೆರಡು ಬಾಯಿಪಾಠವಾಗಿದ್ದವು.

ಕೆಳಗಿನ ಮಹಡಿಯವರಿಗೆ ಅದು ಬೇರೆಯೇ ಆಗಿ ಕೇಳಿಸಿತ್ತು. ರಂಜಾನ್ ತಿಂಗಳು, ಕ್ರಿಶ್ಚಿಯನರ ಮನೆ, ಒಳಗೆ ಮುಸ್ಲಿಂ ಹುಡುಗಿಯರು, ಎಲ್ಲರೂ ಒಂದೇ ದನಿಯಲ್ಲಿ, ರಾಗದಲ್ಲಿ ಏನೋ ಹೇಳುತ್ತಿದ್ದಾರೆ. ಪ್ರಾರ್ಥನೆಯಲ್ಲದೆ ಇನ್ನೇನು ಇರುತ್ತದೆ? ಬೇರೆ ಧರ್ಮದ ಪ್ರಾರ್ಥನೆ ಇಲ್ಲಿ ನಿಷಿದ್ಧ. ಯಾರೋ ಹೋಗಿ ದೂರು ಕೊಟ್ಟರು.

ಆ ದಿನ ಮಧ್ಯಾಹ್ನ ತಿರುಗಿತ್ತು. ಪೊಡಿಯಬ್ಬ ನೋಂಬಿನ ಉಪವಾಸದ ಸುಸ್ತಿನಲ್ಲಿ ಸ್ಟೇರಿಂಗಿಗೆ ಹಣೆ ಒರಗಿಸಿದ್ದ. ಒಂದು ದೊಡ್ಡ ಜೀಪು ಬಂದು ನಿಂತದ್ದನ್ನೂ ಗಡ್ಡದವರಿಬ್ಬರು ಮತ್ತು ಒಬ್ಬ ಪೊಲೀಸು ಇಳಿದದ್ದನ್ನೂ ಹಲೀಮತ್ ಕಂಡಳು. ಕೆಳಗಿನ ಅಂಗಡಿಗೆ ಬಂದವರು ಎಂದುಕೊಂಡಳು. ಮೇಲಿನಿಂದ ಹುಡುಗಿಯರ ದನಿ ಬರುತ್ತಿತ್ತು. "ಸೈನ್ ಸ್ಕ್ವೇರ್ ತೀಟಾ ಪ್ಲಸ್ ಕಾಸ್ ಸ್ಕ್ವೇರ್ ತೀಟಾ ಈಕ್ವಲ್ ಟು..."

ಅಲ್ಲಿಗೇ ನಿಂತಿತು. 'ವನ್' ಬರಲಿಲ್ಲ.

ಹಲೀಮತ್ ಕಾದಳು. ಬರಲಿಲ್ಲ. ಅಷ್ಟು ಹೊತ್ತಿಗೆ ಕಾಲು ತಾನಾಗಿ ಕೆಳಗಿಳಿದಿತ್ತು.

"ಎಲ್ಲಿಗೆ ಮಾರಾಯ್ತಿ?" ಎಂದ ಪೊಡಿಯಬ್ಬ ತಲೆಯೆತ್ತಿ.

"ನೀವು ಇಲ್ಲೇ ಇರಿ" ಎಂದಳು ಅವಳು, ಮೆಟ್ಟಿಲಿನ ಕಡೆಗೆ ಓಡುತ್ತಾ.

ಬಾಗಿಲು ತೆರೆದೇ ಇತ್ತು. ಎವ್ಲಿನ್ ಬಾಯಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ತಲೆಯ ಮೇಲೆ ಯಾರದೋ ಹೊಲಿಗೆಯ ಬಟ್ಟೆಯನ್ನು ಅಡ್ಡಾದಿಡ್ಡಿ ಎಳೆದುಕೊಂಡಿದ್ದರು. ಹುಡುಗಿಯರು ಮೂಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಅಡಗಲು ನೋಡುತ್ತಿದ್ದರು. ಗಡ್ಡದವರಲ್ಲಿ ಒಬ್ಬ ಪುಸ್ತಕಗಳನ್ನು ಹೆಕ್ಕಿ ಗೋಣಿಚೀಲಕ್ಕೆ ಎಸೆಯುತ್ತಿದ್ದ. ಇನ್ನೊಬ್ಬ ಶಮೀರಾಳ ಮುಂದೆ ನಿಂತಿದ್ದ. ಅವಳು ಗಣಿತದ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಳು.

"ಶೇಖ್, ಇದು ಲೆಕ್ಕದ ಪುಸ್ತಕ" ಎಂದು ಶಾಲೆಯಲ್ಲಿ ಕಲಿತ ಅರಬಿಯಲ್ಲಿ ಹೇಳುತ್ತಿದ್ದಳು. "ಪರೀಕ್ಷೆ ಉಂಟು. ಬರೀ ಲೆಕ್ಕ. ತೆರೆದು ನೋಡಿ."

ಅವನು ಕೂಗಾಡಲಿಲ್ಲ. ಹಲೀಮತ್‌ಳಿಗೆ ಆಮೇಲೆ ಎಷ್ಟೋ ಸಲ ನೆನಪಾದದ್ದು ಅದು. ಮಗುವಿಗೆ ಬುದ್ಧಿ ಹೇಳುವ ಹಾಗೆ, ಮೆತ್ತಗೆ ಹೇಳಿದ, "ಕುರ್‌ಆನ್ ಓದಲು ಬರುತ್ತದಲ್ಲ? ಹೆಣ್ಣಿಗೆ ಅಷ್ಟು ಸಾಕು." ಹೇಳಿ ಬೆತ್ತ ಎತ್ತಿ ಪುಸ್ತಕ ಹಿಡಿದಿದ್ದ ಬೆರಳುಗಳ ಮೇಲೆ ಹೊಡೆದ. ಅವಳು ಬಿಡಲಿಲ್ಲ. ಮತ್ತೆ ಹೊಡೆದ. ಸಣ್ಣ ಸದ್ದಾಯಿತು, ಚಕ್ಕುಲಿ ಮುರಿದಷ್ಟೇ. ಪುಸ್ತಕ ಬಿತ್ತು. ಶಮೀರಾ ಕಿರುಚಲೂ ಇಲ್ಲ. ತನ್ನ ಬಲಗೈಯ ತೋರುಬೆರಳು ತನ್ನದಲ್ಲದ ಕಡೆಗೆ ಬಾಗಿರುವುದನ್ನು ಬೆರಗಿನಿಂದ ನೋಡುತ್ತಾ ನಿಂತಳು. ಉಗುರಿನ ಬುಡದಿಂದ ರಕ್ತ ಇಳಿದು ಸಮವಸ್ತ್ರದ ಬಿಳಿ ತೋಳಿಗೆ ಹತ್ತಿತು.

ಹಲೀಮತ್ ಏನು ಕೂಗಿದಳೋ ಅವಳಿಗೇ ತಿಳಿಯದು. ಹೋಗಿ ಇಬ್ಬರ ನಡುವೆ ನುಗ್ಗಿದಳು. ಮೂರನೆಯ ಪೆಟ್ಟು ಅವಳ ಭುಜಕ್ಕೆ ಬಿತ್ತು. "ಬಿಂತಿ! ಬಿಂತಿ!" ಎಂದು ತನಗೆ ಬರುತ್ತಿದ್ದ ಅಲ್ಪ ಅರಬಿಯಲ್ಲಿ ಅರಚಿದಳು. ನನ್ನ ಮಗಳು, ನನ್ನ ಮಗಳು.

ಪೊಲೀಸು ಎಳೆಯವನು. ಅವನಿಗೆ ಈ ಕೆಲಸ ಹಿಡಿಸಿದ ಹಾಗಿರಲಿಲ್ಲ. ನೆಲ ನೋಡುತ್ತಾ ಹೇಳಿದ, ಹುಡುಗಿಯರ ತಂದೆಯರು ಬರುವ ತನಕ ಯಾರೂ ಹೊರಗೆ ಹೋಗುವಂತಿಲ್ಲ, ಈ ಹೆಂಗಸು ಇಲ್ಲೇ ಅವರ ಜೊತೆ ಇರಬೇಕು. ಹಲೀಮತ್ ಶಮೀರಾಳ ಕೈಯನ್ನು ಅವನ ಮುಖದ ಹತ್ತಿರ ಹಿಡಿದಳು. ಅವನು ಗಡ್ಡದವರ ಕಡೆಗೊಮ್ಮೆ ನೋಡಿ, "ಯಲ್ಲಾ, ಬೇಗ ಇವಳನ್ನು ಆಸ್ಪತ್ರೆಗೆ ಕಳಿಸು" ಎಂದ.

ಹಲೀಮತ್ ಕಿಟಕಿಗೆ ಓಡಿ ಕೆಳಕ್ಕೆ ಬಗ್ಗಿದಳು. "ಇವಳನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಬೇಗ! ನಾನು ಇವರ ಹತ್ತಿರ ಇರ್ತೇನೆ!"

ಪೊಡಿಯಬ್ಬ ಹುಡುಗಿಯನ್ನು ಕೂರಿಸಿಕೊಂಡು ವ್ಯಾನು ಬಿಟ್ಟ. ಉಳಿದ ಹುಡುಗಿಯರ ನಡುಗುವ ತಲೆಗಳನ್ನು ಮಡಿಲಿಗೆ ಎಳೆದುಕೊಂಡು ಕೂತ ಮೇಲೆ, ಬಹಳ ಹೊತ್ತಿನ ಮೇಲೆ, ಹಲೀಮತ್‌ಳಿಗೆ ಫಕ್ಕನೆ ಹೊಳೆಯಿತು. ಮುಂದಿನ ಸೀಟು ಖಾಲಿ. ವರ್ಷಗಟ್ಟಲೆ ಒಂದು ದಿನವೂ ಬಿಡದೆ ಕೂತ ಜಾಗ. ತಂದೆಯ ಜೊತೆ ಮಗಳನ್ನು ಕಳಿಸಿದೆ ಎಂದುಕೊಂಡಿದ್ದಳು. ಅವಳ ಮನಸ್ಸು ಇನ್ನೂ ಉಳ್ಳಾಲದ ಓಣಿಯಲ್ಲಿತ್ತು. ಇಲ್ಲಿಯವರ ಕಣ್ಣಿಗೆ ಅದು ಒಬ್ಬ ವಿದೇಶಿ ಡ್ರೈವರು, ಒಬ್ಬಳು ಪ್ರಾಯದ ಹುಡುಗಿ, ಬಟ್ಟೆಯ ತುಂಬ ರಕ್ತ.

ಆದದ್ದೂ ಹಾಗೆಯೇ. ಆಸ್ಪತ್ರೆಯ ಬಾಗಿಲಲ್ಲೇ ಕಾವಲಿನವನು ತಡೆದ. ಇವಳು ನಿನಗೆ ಏನಾಗಬೇಕು? ಮಗಳು ಎಂದ ಪೊಡಿಯಬ್ಬ. ಇಕಾಮಾದಲ್ಲಿ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯಲ್ಲಿ, ಅವನಿಗೆ ಮಗಳೇ ಇಲ್ಲ. ಪೊಲೀಸರು ಬಂದರು. ಅವನಿಗೆ ಕೋಳ ಹಾಕಿ ಒಂದು ಬೆಂಚಿನಲ್ಲಿ ಕೂರಿಸಿದರು, ಅವಳನ್ನು ಇನ್ನೊಂದು ಬೆಂಚಿನಲ್ಲಿ. ತಂದೆ ಬರದೆ ಯಾವ ಡಾಕ್ಟರೂ ಮುಟ್ಟುವಂತಿಲ್ಲ ಎಂದರು. ಒಬ್ಬಳು ಮಲಯಾಳಿ ನರ್ಸು ಮಾತ್ರ ಎಲ್ಲರ ಕಣ್ಣು ತಪ್ಪಿಸಿ ಒದ್ದೆ ಹತ್ತಿ ತಂದುಕೊಟ್ಟು ಹೋದಳಂತೆ. ಹೊರಗೆ ನೋಂಬು ತೆರೆಯುವ ಬಾಂಗ್ ಆಯಿತು. ಪೊಲೀಸರು ಖರ್ಜೂರ ತಿಂದರು, ಪೊಡಿಯಬ್ಬನಿಗೂ ಒಂದು ಕೊಟ್ಟರು. ಹುಡುಗಿಯ ಬೆರಳು ಬಾತು ಕಪ್ಪಾಗುತ್ತಾ ಹೋಯಿತು.

ರಝಾಕ್ ಬೆವರುತ್ತಾ ಬಂದ. ಕುರ್‌ಆನ್ ಮುಟ್ಟಿ ಆಣೆ ಮಾಡಿದ. ಈ ಮನುಷ್ಯನ ಹೆಂಡತಿಯ ಎದೆಹಾಲು ಕುಡಿದು ನನ್ನ ಮಗಳು ಬೆಳೆದಿದ್ದಾಳೆ, ಇವನು ಅವಳಿಗೆ ಹಾಲಿನ ತಂದೆ, ಮಹ್ರಮ್, ಪರಗಂಡಸಲ್ಲ. ಅವರು ಅದನ್ನು ಒಪ್ಪಿದರು. ಆಮೇಲೆ ಮಗಳನ್ನು ಇನ್ನು ಇಂಥ ಕಡೆಗೆ ಕಳಿಸುವುದಿಲ್ಲ ಎಂದು ಅವನಿಂದ ಬರೆಸಿಕೊಂಡು ಬಿಟ್ಟರು. ಬೆರಳಿಗೆ ಪಟ್ಟಿ ಕಟ್ಟಿದ್ದು ಆಮೇಲೆ. ತಡವಾಯಿತು, ಸೊಟ್ಟ ಕೂರುತ್ತದೆ ಎಂದ ಡಾಕ್ಟರು.

ಎವ್ಲಿನ್ ಬಾಯಿಯ ಕುಟುಂಬವನ್ನು ವಾರದೊಳಗೆ ವಿಮಾನ ಹತ್ತಿಸಿದರು. ಒಲಿವಿಯಾ ಶಮೀರಾಳಿಗೆ ಹೇಳಿಹೋಗಲೂ ಆಗಲಿಲ್ಲ. ಪರೀಕ್ಷೆಗೆಂದು ಬಾಯಿ ಇಬ್ಬರಿಗೂ ತಂದಿಟ್ಟಿದ್ದ ಜಾಮಿಟ್ರಿ ಬಾಕ್ಸುಗಳಲ್ಲಿ ಒಂದನ್ನು ಕಟ್ಟಡದ ಬಂಗಾಳಿ ವಾಚ್‌ಮ್ಯಾನ್ ಹಲೀಮತ್‌ಳ ಕೈಗೆ ಕೊಟ್ಟ, ಅಷ್ಟೇ.

ಶಮೀರಾ ಶಾಲೆಗೆ ಬರುವುದು ನಿಂತಿತು. ಕೈ ಗುಣವಾಗಲಿ ಎಂದು ಬಿಟ್ಟಿರಬೇಕು ಎಂದುಕೊಂಡಳು ಹಲೀಮತ್. ಈದ್ ಕಳೆದ ಮರುದಿನ ಆಸಿಯಾ ಫೋನು ಮಾಡಿದಳು.

"ಅಕ್ಕಾ, ಒಮ್ಮೆ ಬಂದು ಇವಳಿಗೆ ತಲೆ ಮೀಯಿಸಿ ಹೋಗ್ತೀರಾ? ನನ್ನನ್ನು ಹತ್ತಿರ ಬಿಡುವುದಿಲ್ಲ."

ಬಚ್ಚಲಲ್ಲಿ ಶಮೀರಾ ಪಟ್ಟಿ ಕಟ್ಟಿದ ಕೈಯನ್ನು ಮೇಲೆತ್ತಿ ಹಿಡಿದು ಸ್ಟೂಲಿನ ಮೇಲೆ ಕೂತಳು. ಹಲೀಮತ್ ನೀರು ಹೊಯ್ದು, ಬೆನ್ನ ಮೇಲಿನ ಕೂದಲನ್ನು ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು.

ಬೆನ್ನಿನ ಮೇಲೆ, ಸೊಂಟದ ಮೇಲೆ ಹಸಿರು ತಿರುಗಿದ ಬರೆಗಳು. ಬೆತ್ತದವನ ಪೆಟ್ಟು ಬಿದ್ದದ್ದು ಬೆರಳಿಗೆ ಮಾತ್ರ, ಅವಳ ಕಣ್ಣೆದುರೇ. ಅಲ್ಲದೆ ಆ ಬೆತ್ತದ ಬರೆ ಹೇಗಿರುತ್ತದೆಂದು ಅವಳ ಭುಜಕ್ಕೆ ಗೊತ್ತಿತ್ತು. ತೆಳ್ಳಗೆ, ಹಗ್ಗದ ಹಾಗೆ. ಇವು ಅಗಲ, ಚಪ್ಪಟೆ, ಎರಡೂ ಅಂಚು ನೇರ. ಬಟ್ಟೆ ಅಳೆಯುವ ಮರದ ಕೋಲಿನಷ್ಟೇ ಅಗಲ.

"ಯಾವಾಗ ಮಗಳೇ?"

"ಪರೀಕ್ಷೆಗೆ ಹೋಗ್ತೇನೆ ಅಂದೆ. ಅದಕ್ಕೆ."

"ಒಂದೇ ಸಲವಾ?"

ಶಮೀರಾ ಬೆನ್ನು ಬಗ್ಗಿಸಿದಳು. "ನೀರು ಆರ್ತದೆ ಉಮ್ಮ, ಹೊಯ್ಯಿ" ಎಂದಳು.

ಬೀದಿಯಲ್ಲಿ ಬೆತ್ತ ಹಿಡಿದು ಬರುವವನನ್ನು ದೂರದಿಂದಲೇ ಗುರುತಿಸಬಹುದು. ಅವನಿಗೆ ಹೆದರಿ ಬಾಗಿಲು ಹಾಕಿಕೊಳ್ಳಬಹುದು. ಮಗಳ ಅಂಕ ಹೇಳುವ ಖುಷಿಗೆ ಬಟ್ಟೆ ಹೆಚ್ಚು ಕತ್ತರಿಸುತ್ತಿದ್ದವನು, ಅದೇ ಕೋಲು ಹಿಡಿದು, ಬಾಗಿಲು ಹಾಕಿದ ಮೇಲೆ ಒಳಗಿನಿಂದ ಬಂದರೆ? ಹಲೀಮತ್ ಹುಡುಗಿಯ ತಲೆ ಒರೆಸಿ, ಜಡೆ ಹಾಕಿ, ಅಬಾಯ ಹೊದ್ದುಕೊಂಡು ಹೊರಗಿನ ಕೋಣೆಗೆ ಬಂದಳು. ರಝಾಕ್ ಊಟಕ್ಕೆ ಬಂದಿದ್ದ.

"ಉಣ್ಣು, ಉಣ್ಣು" ಎಂದಳು. ಅವನು ಉಣ್ಣುವ ತನಕ ಸುಮ್ಮನಿದ್ದಳು. ಹಸಿದ ಗಂಡಸಿನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೈ ತೊಳೆದು ಬಂದ ಮೇಲೆ ಕೇಳಿದಳು, "ಪರೀಕ್ಷೆ ಯಾವಾಗ ರಝಾಕ್?"

"ಎಂತ ಪರೀಕ್ಷೆ? ಮುಗಿಯಿತು ಹಲೀಮಕ್ಕ ಅದೆಲ್ಲ. ಊರಿಗೆ ಕಳಿಸ್ತೇನೆ. ಅಲ್ಲಿ ಅಬ್ದುಲ್ಲ ಕುಂಞಿಯ ಮಗನಿಗೆ ಹೆಣ್ಣು ಕೇಳ್ತಾ ಇದ್ದಾರೆ."

"ನಿನ್ನ ಮಗಳು ಎಂತ ತಪ್ಪು ಮಾಡಿದ್ದು?"

"ನಿಮಗೆ ಗೊತ್ತುಂಟಾ, ವೀಸಾ ಕೊಟ್ಟ ಆ ಕಫೀಲ್ ಎಂತ ಹೇಳಿದ ಅಂತ? ಇನ್ನೊಮ್ಮೆ ಹೆಸರು ಬಂದರೆ ಅಂಗಡಿಗೆ ಬೀಗ ಹಾಕ್ತೇನೆ ಅಂದ. ಗಿರಾಕಿಗಳ ಎದುರು! ನನ್ನ ಗಡ್ಡ ನರೆತಿದೆ. ನಾನು ಕೈ ಕಟ್ಟಿ ನಿಂತು ಕೇಳಿದೆ." ಅವನು ಕೈ ಕಟ್ಟಿ ತೋರಿಸಿದ. "ಮನೆಗೆ ಬಂದರೆ ಇವಳು ಪರೀಕ್ಷೆ ಪರೀಕ್ಷೆ ಅಂತಾಳೆ. ಮನುಷ್ಯನಿಗೆ ಸಿಟ್ಟು ಬರುವುದಿಲ್ಲವಾ?"

"ಬರ್ತದೆ. ಕಫೀಲನ ಬೆನ್ನಿಗೆ ಹೊಡೆಯಬೇಕಿತ್ತು ನೀನು. ಎಟುಕಲಿಲ್ಲ. ಎಟುಕಿದ ಬೆನ್ನಿಗೆ ಹೊಡೆದೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಆಸಿಯಾ ಕಿವಿಗೊಟ್ಟಿದ್ದಳು.

ರಝಾಕ್ ಎದ್ದುನಿಂತ. "ಸಾಕು. ನಾನು ಕರೆದುಕೊಂಡು ಹೋಗುವುದಿಲ್ಲ. ಟ್ಯಾಕ್ಸಿಯವನು ಪರಗಂಡಸು. ಪರೀಕ್ಷೆ ನಡೆಯುವ ದಮ್ಮಾಮಿನ ತನಕ ಯಾರು ಕರ್ಕೊಂಡು ಹೋಗ್ತಾರೆ ನೋಡ್ತೇನೆ."

"ಅವಳ ತಂದೆ ಕರ್ಕೊಂಡು ಹೋಗ್ತಾರೆ."

"ನಾನು ಹೇಳಿದೆನಲ್ಲ..."

"ನೀನಲ್ಲ ಮಾರಾಯ. ಇನ್ನೊಬ್ಬರು. ಆಸ್ಪತ್ರೆಯಲ್ಲಿ ಕುರ್‌ಆನ್ ಮುಟ್ಟಿ ಆಣೆ ಹಾಕಿದ್ದು ನೀನೇ ಅಲ್ಲವಾ? ಪೊಡಿಯಬ್ಬ ಅವಳ ತಂದೆ ಅಂತ? ಆ ದಿನಕ್ಕೆ ಮಾತ್ರ ತಂದೆಯಾ ಅವರು? ನಿನ್ನ ಮಾನ ಉಳಿಸುವಾಗ ತಂದೆ, ಮಗಳ ಪರೀಕ್ಷೆಗೆ ಡ್ರೈವರಾ?" ಹಲೀಮತ್ ದನಿ ಏರಿಸಲಿಲ್ಲ. "ಅವಳು ಹೋಗುವುದು ಸರಕಾರ ಒಪ್ಪಿದ ಶಾಲೆಗೆ. ಯಾರೂ ಬಂದು ಹಿಡಿಯುವುದಿಲ್ಲ. ನೀನು ಬೇಡ ಅನ್ನು, ಹಾಲಿನ ಸಂಬಂಧ ಸುಳ್ಳು ಅನ್ನು. ನಾಳೆಯೇ ಹೋಗಿ ಹೇಳುವ, ರಝಾಕ್ ಹಾಕಿದ ಆಣೆ ಸುಳ್ಳು ಅಂತ."

ಮೂಲೆಯಲ್ಲಿ ಬಟ್ಟೆಯ ಸುರುಳಿಗೆ ಒರಗಿಸಿಟ್ಟಿದ್ದ ಅಳತೆಕೋಲಿನ ಕಡೆಗೆ ರಝಾಕನ ಕಣ್ಣು ಹೋದದ್ದು ಅವನಿಗೇ ತಿಳಿಯಲಿಲ್ಲವೇನೋ. ಹಲೀಮತ್‌ಳಿಗೆ ತಿಳಿಯಿತು. ಅವಳು ಹೋಗಿ ಅದನ್ನೆತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಇದನ್ನು ಪರೀಕ್ಷೆ ಮುಗಿದ ಮೇಲೆ ಕೊಡ್ತೇನೆ. ಅಷ್ಟರವರೆಗೆ ಮೊಳ ಹಾಕಿ ಅಳೆ" ಎಂದು ಹೇಳಿ ಮೆಟ್ಟಿಲಿಳಿದಳು. ಇಳಿದವಳೇ ಕೋಲನ್ನು ವ್ಯಾನಿನ ಸೀಟಿನಡಿಗೆ ತುರುಕಿದಳು.

ಗಣಿತದ ಪರೀಕ್ಷೆಯ ದಿನ ಶಮೀರಾ ಬೆಳಿಗ್ಗೆ ತಾನೇ ಪಟ್ಟಿ ಬಿಚ್ಚಿದ್ದಳು. ತೋರುಬೆರಳು ಮಡಚುತ್ತಿರಲಿಲ್ಲ. ಪೆನ್ನನ್ನು ನಡುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸಿಕ್ಕಿಸಿ, ಹಳೆಯ ದುಪ್ಪಟ್ಟದ ಅಂಚು ಹರಿದು ಹಲೀಮತ್ ಬಿಗಿದು ಕಟ್ಟಿದಳು. ದಾರಿಯುದ್ದಕ್ಕೂ ಹುಡುಗಿ ತೊಡೆಯ ಮೇಲೆ ಕಾಗದವಿಟ್ಟು ಗೆರೆ ಎಳೆಯುತ್ತಿದ್ದಳು. ಪೊಡಿಯಬ್ಬ ಗುಂಡಿ ಬಂದಲ್ಲೆಲ್ಲ ವ್ಯಾನನ್ನು ತೊಟ್ಟಿಲು ದೂಡುವ ಹಾಗೆ ನಿಧಾನ ಮಾಡುತ್ತಿದ್ದ. ಒಂದು ಸಿಗ್ನಲಿನಲ್ಲಿ ಗಡ್ಡದವರ ಜೀಪು ಪಕ್ಕದಲ್ಲೇ ನಿಂತಿತು. ಮೂವರೂ ನೇರ ಮುಂದಕ್ಕೇ ನೋಡಿದರು. ದೀಪ ಹಸಿರಾಯಿತು, ಜೀಪು ಬೇರೆ ದಾರಿಗೆ ತಿರುಗಿತು.

ಎವ್ಲಿನ್ ಬಾಯಿಯಲ್ಲಿಗೆ ಬರುತ್ತಿದ್ದವರಲ್ಲಿ ಪರೀಕ್ಷೆಗೆ ಬಂದವಳು ಶಮೀರಾ ಒಬ್ಬಳೇ. ಒಲಿವಿಯಾ ಮಂಗಳೂರಿನಲ್ಲಿ. ಉಳಿದವರನ್ನು ಮನೆಯವರು ಬಿಟ್ಟಿರಲಿಲ್ಲ. ಗೇಟಿನ ಹತ್ತಿರ ಹಲೀಮತ್ ಒಂದೊಂದೇ ವಾಹನ ನೋಡಿದಳು, ಈಗ ಬರಬಹುದು, ಈಗ ಬರಬಹುದು ಎಂದು. ಗೇಟು ಮುಚ್ಚಿದ ಮೇಲೂ ನೋಡಿದಳು. ಯಾವ ತಂದೆಯೂ ಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹುಡುಗಿಗೆ ಹುಷಾರಿಲ್ಲ ಎಂದಿದ್ದರು, ಎಲ್ಲರೂ ಅದನ್ನೇ.

ಶಮೀರಾ ಹೊರಗೆ ಬರುವಾಗ ಕಟ್ಟಿದ್ದ ಬಟ್ಟೆ ಶಾಯಿಯಿಂದಲೂ ಬೆವರಿನಿಂದಲೂ ಒದ್ದೆಯಾಗಿತ್ತು. ಮುಖ ಬಿಳಿಚಿತ್ತು. ಹಿಂದಿನ ಸೀಟಿಗೆ ಹೋಗದೆ ಮುಂದೆ, ಹಲೀಮತ್‌ಳ ಪಕ್ಕದಲ್ಲೇ ನುಸುಳಿ ಕೂತಳು.

"ಬರೆದೆಯಾ ಮಗಳೇ?" ಎಂದ ಪೊಡಿಯಬ್ಬ.

"ಕೊನೆಯ ಎರಡು ಬಿಟ್ಟೆ ಬಾಪ. ಕೈ ಮರಗಟ್ಟಿತು. ಪಾಸಾಗ್ತೇನೆ."

"ಪಾಸಾಗ್ತಾಳಂತೆ!" ಪೊಡಿಯಬ್ಬ ಸ್ಟೇರಿಂಗಿಗೆ ಬಡಿದ. "ಕೇಳಿದೆಯಾ, ಕೂತು ಉಣ್ಣುವವಳೇ?"

ವ್ಯಾನು ಸಮುದ್ರದ ಬದಿಯ ರಸ್ತೆಗೆ ಬಂತು. ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. ಅಷ್ಟು ದಿನ ಬಿಗಿಹಿಡಿದಿದ್ದ ಏನೋ ಒಂದು ಹುಡುಗಿಯೊಳಗೆ ಸಡಿಲವಾಯಿತು. "ಉಮ್ಮಾ, ಬಾಯಿ ಹೇಳಿಕೊಟ್ಟದ್ದೇ ಬಂದಿತ್ತು ಗೊತ್ತುಂಟಾ? ಮೊದಲನೆಯ ಪ್ರಶ್ನೆ!" ಎಂದವಳೇ ನೆಟ್ಟಗೆ ಕೂತು, ಎವ್ಲಿನ್ ಬಾಯಿಯ ಅದೇ ರಾಗದಲ್ಲಿ, ಗಟ್ಟಿಯಾಗಿ ಶುರುಮಾಡಿದಳು, "ಸೈನ್ ಸ್ಕ್ವೇರ್ ತೀಟಾ ಪ್ಲಸ್ ಕಾಸ್ ಸ್ಕ್ವೇರ್ ತೀಟಾ ಈಕ್ವಲ್ ಟು..."

ಅಲ್ಲಿಗೇ ನಿಂತಿತು.

ಹಲೀಮತ್‌ಳ ಕೈ ಅವಳ ಬಾಯಿಯ ಮೇಲಿತ್ತು. ಮೆಲ್ಲಗೆ ಇಟ್ಟದ್ದಲ್ಲ, ರಪ್ಪನೆ ಹೋಗಿ ಬಡಿದದ್ದು. ಹುಡುಗಿಯ ಹಲ್ಲು ಅಂಗೈಗೆ ತಾಗಿತ್ತು. ರಸ್ತೆಯಲ್ಲಿ ಹಿಂದೆ ಯಾರೂ ಇರಲಿಲ್ಲ, ಮುಂದೆ ಯಾರೂ ಇರಲಿಲ್ಲ. ಬಾಯಿ ಮುಚ್ಚಿಸು ಎಂದು ಯಾರೂ ಹೇಳಿರಲಿಲ್ಲ. ಕೈ ತಾನಾಗಿಯೇ ಹೋಗಿತ್ತು.

ಶಮೀರಾ ಬಿಡಿಸಿಕೊಳ್ಳಲಿಲ್ಲ. ಕೈಯ ಮೇಲಿನಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು, ಆ ದಿನ ತನ್ನ ಬೆರಳನ್ನು ನೋಡಿದ್ದ ಹಾಗೆ.

ಹಲೀಮತ್ ಕೈ ತೆಗೆದಳು. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

"ಹೇಳು ಮಗಳೇ" ಎಂದಳು ಕೊನೆಗೆ. "ಪೂರ್ತಿ ಹೇಳು. ಗಟ್ಟಿಯಾಗಿ ಹೇಳು."

ಶಮೀರಾ ಕಿಟಕಿಯ ಆಚೆ ಸಮುದ್ರವನ್ನು ನೋಡುತ್ತಾ ಕೂತಳು. ಬಹಳ ದೂರ ಹೋದ ಮೇಲೆ ಅವಳ ತುಟಿ ಅಲ್ಲಾಡಿತು. ಹಲೀಮತ್ ಬಗ್ಗಿ ಕಿವಿಗೊಟ್ಟಳು. ದನಿ ಇರಲಿಲ್ಲ.